ಹೆರಿಗೆ ಮುಟ್ಟಿದವರು ಹೊರಗೆ

ಹೋದ ಆಷಾಢದಲ್ಲಿ ಬ್ರಹ್ಮಾವರದ ಕಡೆಯ ಒಂದು ನರ್ಸಿಂಗ್ ಶಾಲೆಯವರು ನನ್ನನ್ನು ಕರೆದಿದ್ದರು. ಕಲಿಯುವ ಹುಡುಗಿಯರಿಗೆ ಯೋಗ ಹೇಳಿಕೊಡಲು ಹೊಸ ಕೋಣೆ ಕಟ್ಟಿಸಿದ್ದಾರಂತೆ, ದೀಪ ಹಚ್ಚಲು ಹಳೆಯ ಕಾಲದ ನರ್ಸೊಬ್ಬಳು ಬೇಕಂತೆ. ಹಳೆಯ ಕಾಲದವರಲ್ಲಿ ಓಡಾಡಿಕೊಂಡು ಉಳಿದವಳು ನಾನೊಬ್ಬಳೇ ಆದದ್ದರಿಂದ ಆ ಮರ್ಯಾದೆ ನನಗೆ ಬಂತು. ಹೋದೆ. ಫಿನಾಯಿಲು ಹಾಕಿ ಒರೆಸಿದ ನೆಲದ ಮೇಲೆ ಹೊಸ ಓಲೆ ಚಾಪೆಗಳನ್ನು ಹಾಸಿದ್ದರು. ಆ ಎರಡು ವಾಸನೆ ಒಟ್ಟಾಗಿ ಮೂಗಿಗೆ ಬಡಿದದ್ದೇ, ನನಗೆ ಎಪ್ಪತ್ತು ದಾಟಿದೆ ಎಂಬುದು ಮರೆತುಹೋಯಿತು.

ಯೋಗ ಕಲಿಸುವ ಹುಡುಗ ಒಳ್ಳೆಯವನೇ. ನನ್ನ ಕಾಲಿಗೆ ನಮಸ್ಕರಿಸಿದ, ಕುರ್ಚಿ ಎಳೆದುಕೊಟ್ಟ. ಆಮೇಲೆ ಹುಡುಗಿಯರ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಹೊರ್ಗಾದವ್ರ್ ಯಾರಾರೂ ಇದ್ರೆ ಆಚೆ ಜಗ್ಲಿಯಲ್ ಕೂಕಣಿ. ಬೇಜಾರ್ ಮಾಡ್ಕಣ್ಬೇಡಿ, ಒಳ್ಗೆ ದೇವ್ರ್ ಫೋಟೊ ಇತ್ತ್."

ಮೂವರು ಹುಡುಗಿಯರು ತಲೆ ತಗ್ಗಿಸಿ ಎದ್ದರು. ನನ್ನ ಕೈಯಲ್ಲಿ ಆಗಷ್ಟೇ ಗೀರಿದ ಬೆಂಕಿಕಡ್ಡಿ ಇತ್ತು. ಅದು ಬೆರಳಿಗೆ ತಾಗುವ ತನಕ ಉರಿಯಿತು.

ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಅವರಿಗೆ ಸರಿಯಾದ ಸಿಟ್ಟು ಯಾವತ್ತೂ ಬಂದಿರಲಿಲ್ಲ ಅಂತ ಕಾಣುತ್ತದೆ. ನನ್ನದು ಐವತ್ತು ವರ್ಷ ದಾಟಿದ ಸಿಟ್ಟು, ಇನ್ನೂ ಬಿಸಿ ಆರಿಲ್ಲ. ಅದು ಹುಟ್ಟಿದ್ದು ಕುಂದಾಪುರದಲ್ಲಿ, ಯುದ್ಧ ನಡೆಯುತ್ತಿದ್ದ ಕಾಲದ ಒಂದು ಮಳೆಗಾಲದಲ್ಲಿ.

ಅಕ್ಕಿ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಸೀಮೆಎಣ್ಣೆ ಸಿಕ್ಕರೆ ಹಬ್ಬ. ಬಸ್ಸುಗಳು ಇದ್ದಿಲು ಉರಿಸಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಹಣ ಮಾಡಿದ ಧನಿಯೊಬ್ಬರು ಕುಂದಾಪುರದ ಹೊಳೆ ಬದಿಯಲ್ಲಿ ತಾಯಿಯ ನೆನಪಿಗೆ ಸಣ್ಣದೊಂದು ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದರು. ಮಂಗಳೂರಿನಿಂದ ಒಬ್ಬ ಡಾಕ್ಟ್ರಮ್ಮ ಬಂದಿದ್ದರು. ಅವರ ಕೈಕೆಳಗೆ ದಾದಿಯ ಕೆಲಸ ಕಲಿಯಲು ನಾವು ಐದು ಮಂದಿ ಹುಡುಗಿಯರು ಸೇರಿದ್ದೆವು. ನಾನು ಸರಸ್ವತಿ, ಮರವಂತೆಯ ಬಲೆ ಬೀಸುವವರ ಮನೆಯವಳು. ಗಂಗೊಳ್ಳಿಯಿಂದ ರೋಜಿ. ಕೊಕ್ಕರ್ಣೆಯ ಒಕ್ಕಲು ಮನೆಯಿಂದ ಚಂದು. ಸಾಲಿಗ್ರಾಮದ ಕಡೆಯಿಂದ ಶಾರದೆ, ಮೈ ನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡವಳು, ಮನೆಯವರೊಡನೆ ಜಗಳವಾಡಿ ಬಂದವಳು. ಮತ್ತೆ ಬೈಂದೂರಿನ ಮೂಕಾಂಬು.

ಈ ಕಥೆ ಮೂಕಾಂಬುವಿನದು. ಉಳಿದವರು ಹೇಗೋ ಬದುಕಿಕೊಂಡೆವು.

ಮೂಕಾಂಬುವಿಗೆ ದಮ್ಮು ಇತ್ತು. ಮಳೆ ಹಿಡಿದರೆ ಎದೆ ಕೊಳಲಿನ ಹಾಗೆ ಕುಯ್ಗುಡುತ್ತಿತ್ತು. ಗಂಡ ಬೊಂಬಾಯಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇವಳು ಅಣ್ಣನ ಮನೆಯಲ್ಲಿ ಭತ್ತ ಬೇಯಿಸುವ ಒಲೆಯ ಮುಂದೆ ಬಿದ್ದಿದ್ದಳು. ಹಸಿ ಕಟ್ಟಿಗೆಯ ಹೊಗೆ, ಅತ್ತಿಗೆಯ ಬಾಯಿ, ದಮ್ಮು. ಅಲ್ಲಿಂದ ತಪ್ಪಿಸಿಕೊಂಡು ಬಂದವಳನ್ನು ಡಾಕ್ಟ್ರಮ್ಮ ಅರೆಮನಸ್ಸಿನಲ್ಲೇ ಸೇರಿಸಿಕೊಂಡಿದ್ದರು.

"ಈ ಮಳೆಗಾಲ ನೋಡುತ್ತೇನೆ ಮೂಕಾಂಬು. ಒಂದು ಸಲ ದಮ್ಮು ಹಿಡಿದು ವಾರ್ಡಿನಲ್ಲಿ ಬಿದ್ದೆಯೋ, ಮನೆಗೆ. ಹೆರುವವಳನ್ನು ನೋಡಿಕೊಳ್ಳಲೋ, ನಿನ್ನನ್ನು ನೋಡಿಕೊಳ್ಳಲೋ?"

ಆ ಮಾತಿನಲ್ಲಿ ತಪ್ಪೇನಿಲ್ಲ. ಮಳೆಗಾಲ ದಾಟಿದರೆ ಕೆಲಸ, ದಾಟದಿದ್ದರೆ ಹೊಗೆ. ಮೂಕಾಂಬು ಅದನ್ನು ನನಗೆ ಇನ್ನೂ ಚಿಕ್ಕದಾಗಿ ಹೇಳಿದ್ದಳು: "ಸರ್ಸು, ಆ ಹೊಗಿಗೆ ವಾಪಾಸ್ ಹೋರೆ ನಾನ್ ಬದ್ಕುದಿಲ್ಲೆ ಕಾಣ್."

ಮಳೆ ಹಿಡಿದ ಹೊಸದರಲ್ಲಿ ಚಂದು ಒಂದು ದಿನ ಬಿಸಿನೀರಿನ ಬೋಗುಣಿ ಹಿಡಿದುಕೊಂಡು ನಿಂತಲ್ಲೇ ತಲೆ ತಿರುಗಿ ಬಿದ್ದಳು. ಹಗಲಿಡೀ ನಿಂತೇ ಕೆಲಸ, ಹೊಟ್ಟೆಗೆ ತಿಳಿಗಂಜಿ, ಬೀಳದೆ ಏನು ಮಾಡಿಯಾಳು? ಡಾಕ್ಟ್ರಮ್ಮ ಧನಿಗಳಿಗೆ ಹೇಳಿ ಕಳಿಸಿದರು: ಹುಡುಗಿಯರಿಗೆ ಇನ್ನಷ್ಟು ಅಕ್ಕಿ ಬೇಕು, ಕೆಲಸಕ್ಕೆ ಇನ್ನೊಬ್ಬ ನರ್ಸು ಬೇಕು. ಧನಿಗಳು ತಾವೇ ಬಂದರು. ಬಿಳಿ ಕೋಟು, ಬೆಳ್ಳಿ ಹಿಡಿಯ ಕೋಲು.

"ಅಕ್ಕಿ ಎಲ್ಲಿಂದ ತಪ್ದ್ ಡಾಕ್ಟ್ರಮ್ಮ, ಯುದ್ಧ ಅಲ್ದಾ? ಯೋಗ ಮಾಡ್ಸುವ ಇವ್ರಿಗೆ. ಬೊಂಬಾಯಲ್ ದೊಡ್ ದೊಡ್ ಸೇಟುಗಳೆಲ್ಲ ಮಾಡ್ತ್ರ್. ಮೈ ಗಟ್ಟಿ ಆತ್ತ್, ಬಿಲ್ಕುಲ್ ಖರ್ಚಿಲ್ಲೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಹಾಗೆ ನಮಗೆ ಯೋಗ ಬಂತು.

ಸಿಟ್ಟಿನಲ್ಲಿಯೂ ನ್ಯಾಯ ಬಿಡಬಾರದು. ಯೋಗದ ಮಾಷ್ಟ್ರು ಕೋಟದ ಕಡೆಯವರು, ಮೈಸೂರಿನಲ್ಲಿ ವರ್ಷಗಟ್ಟಲೆ ಇದ್ದು ಕಲಿತವರು. ಡೋಂಗಿ ಅಲ್ಲ. ನಲವತ್ತು ದಾಟಿದ ಆ ಮೈ ಬಳ್ಳಿಯ ಹಾಗೆ ಬಾಗುತ್ತಿತ್ತು. ಆಸ್ಪತ್ರೆಯ ಪಕ್ಕದಲ್ಲೇ ಧನಿಗಳ ಮನೆ. ಅದರ ಚಾವಡಿಯಲ್ಲಿ ಬೆಳಗಿನ ಹೊತ್ತು ಪಾಠ. ಒಂದು ದೀಪ, ನಮಗೆಲ್ಲ ಒಂದೊಂದು ಓಲೆ ಚಾಪೆ. ಅವರು ನಮ್ಮನ್ನು ಮುಟ್ಟುತ್ತಿರಲಿಲ್ಲ. ಬೆನ್ನು ಬಗ್ಗಿದರೆ ಉದ್ದನೆಯ ಬೆತ್ತದ ತುದಿಯಿಂದ ತೋರಿಸುತ್ತಿದ್ದರು. ಕಚ್ಚೆ ಹಾಕಿ ಸೀರೆ ಬಿಗಿದುಕೊಂಡು ನಾವು ಹಾವಾಗಿ ಹೆಡೆ ಎತ್ತಿದೆವು, ಹೆಣವಾಗಿ ಅಂಗಾತ ಮಲಗಿದೆವು. ಹೆಣವಾದ ರೋಜಿ ಮೊದಲ ದಿನವೇ ಗೊರಕೆ ಹೊಡೆದಳು. ಅಂಗಳದಲ್ಲಿದ್ದ ಧನಿಗಳ ನಾಯಿ ಬೆದರಿ ಬೊಗಳಿತು.

ನಗೆಯ ನಡುವೆಯೂ ಸೊಂಟದ ನೋವು ಇಳಿದದ್ದು ನಿಜ. ಹೆರಿಗೆ ಕೋಣೆಯಲ್ಲಿ ಬಗ್ಗಿ ಬಗ್ಗಿ ಗಂಟು ಕಟ್ಟಿದ ಬೆನ್ನು ಸಡಿಲವಾಯಿತು. ಆದರೆ ಮೂಕಾಂಬುವಿಗೆ ಸಿಕ್ಕಿದ್ದು ಬೇರೆಯೇ. ಮಾಷ್ಟ್ರು ಉಸಿರಿನ ಪಾಠ ಮಾಡುತ್ತಾ, ಒಳಗೆ ತೆಗೆದುಕೊಂಡದ್ದಕ್ಕಿಂತ ಎರಡು ಪಟ್ಟು ಹೊತ್ತು ಹೊರಗೆ ಬಿಡಬೇಕು ಎಂದಿದ್ದರು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಂಜಿ ಕುಡಿಯುವಾಗ, ಬಟ್ಟೆ ಒಗೆಯುವಾಗ, ಮೆಟ್ಟಿಲು ಹತ್ತುವಾಗ ಅದೇ.

"ಇಷ್ಟ್ ದಿನ ಉಸ್ರ್ ಎಳ್ಕಂಬುಕೇ ಒದ್ದಾಡ್ತಿದ್ದೆ ಕಾಣ್" ಎಂದಳು ಒಂದು ದಿನ. "ಒಳ್ಗಿಪ್ಪುದನ್ನ್ ಬಿಡ್ದೆ ಹೊಸ್ತ್ ಎಲ್ಲಿಗ್ ಹೋಪ್ದ್? ಮೊದ್ಲ್ ಬಿಡ್ಕ್. ತಕಂಬುದ್ ಅದಾಯಿಯೇ ಆತ್ತ್."

ಮಳೆ ಜಡಿಯತೊಡಗಿತು, ಗೋಡೆಗಳಿಗೆ ಪಾಚಿ ಬಂತು, ಹಾಸಿಗೆಗಳೆಲ್ಲ ಥಂಡಿ. ಅವಳ ಎದೆ ಕುಯ್ಗುಡುವುದು ನಿಲ್ಲಲಿಲ್ಲ, ಆದರೆ ಅವಳು ಬೀಳಲಿಲ್ಲ. ದಮ್ಮು ಬರುವ ಸೂಚನೆ ಕಂಡರೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಬಿಡುತ್ತಾ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಸುಧಾರಿಸಿಕೊಂಡು ಕೆಲಸಕ್ಕೆ ತಿರುಗುತ್ತಿದ್ದಳು. ಡಾಕ್ಟ್ರಮ್ಮ ಅದನ್ನು ನೋಡಿ ತಲೆ ಆಡಿಸಿದ್ದು ನನಗೆ ಗೊತ್ತು. ನಾನು ಪಕ್ಕದಲ್ಲೇ ಇದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ಚಾಪೆ ಬಿಡಿಸುತ್ತಿದ್ದವರನ್ನು ಮಾಷ್ಟ್ರು ಕೇಳಿದರು: "ನಿನ್ನೆ ಹೆರ್ಗಿ ಮುಟ್ಟಿದವ್ರ್ ಯಾರ್?"

ಹೊಗಳಲು ಕೇಳುತ್ತಿದ್ದಾರೆ ಅಂದುಕೊಂಡು ನಾನೂ ಮೂಕಾಂಬುವೂ ರೋಜಿಯೂ ಕೈ ಎತ್ತಿದೆವು. ನಮ್ಮ ಕೈಯಾರೆ ಹಿಡಿದ ಮೊದಲ ಮಗು ಅದು.

"ಹೊರ್ಗ್ ನಿಲ್ಲಿ. ನಿಮ್ಗ್ ಅಮೆ."

ಅಮೆ ಎಂದರೆ ಮಗು ಹುಟ್ಟಿದ ಮನೆಯವರಿಗೆ ಬರುವ ಮೈಲಿಗೆ. ಹತ್ತು ದಿನ ಕಳೆದು ಪುಣ್ಯಾಹವಾಗುವ ತನಕ ಅವರಿಗೆ ದೇವರ ಕೆಲಸವಿಲ್ಲ. ನಮ್ಮೂರ ಕಡೆ ಹೆರಿಗೆ ಮಾಡಿಸಿದ ಮುದುಕಿಗೆ ಎಣ್ಣೆ ಕೊಟ್ಟು ಮೀಯಿಸಿದರೆ ಅವಳ ಪಾಲಿನದು ಅಲ್ಲಿಗೆ ಮುಗಿಯುತ್ತಿತ್ತು. ನಾನು ಅದನ್ನೇ ಹೇಳಿದೆ.

"ಮಿಂದ್ಕಂಡೇ ಬಂದದ್ದ್ ಮಾಷ್ಟ್ರೇ."

"ಮಿಂದ್ರೆ ಮೈ ಶುದ್ಧ ಆತ್ತ್, ಅಮೆ ಹೋಪುದಿಲ್ಲೆ. ಇದ್ ಕಸರತ್ತಲ್ಲ, ಸಾಧನೆ. ದೀಪದ್ ಎದ್ರ್ ಮಾಡುದ್. ಹತ್ ದಿನ ಕಳೀಲಿ."

ರೋಜಿ ಮೆಟ್ಟಿಲಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಂಗೂ ಇತ್ತಾ ಮಾಷ್ಟ್ರೇ? ನಮ್ ಇಗರ್ಜಿಯಲ್ ಅಮೆ ಇಲ್ಲೆ."

ಮಾಷ್ಟ್ರು ಯೋಚನೆಗೆ ಬಿದ್ದರು. "ಮಗು ಯಾರದ್ದ್?"

"ಬಸ್ರೂರಿನ ಅಂಗ್ಡಿಯವ್ರದ್ದ್."

"ಹಾಂಗಾರೆ ಇತ್ತ್."

ನಾವು ಬಿದ್ದು ಬಿದ್ದು ನಕ್ಕೆವು. ಹತ್ತು ದಿನ ತಾನೇ ಎಂಬ ಧೈರ್ಯ. ಆದರೆ ಅದು ಹೆರಿಗೆ ಆಸ್ಪತ್ರೆ. ಒಂದು ಮಗುವಿನ ಅಮೆ ಮುಗಿಯುವ ಮೊದಲು ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಕೆಲಸ ಮಾಡಿದವಳಿಗೆ ಚಾವಡಿಯ ಮೆಟ್ಟಿಲು ಎಂದೆಂದಿಗೂ ಇಲ್ಲ ಎಂದಾಯಿತು. ಅದರ ಮೇಲೆ ಧನಿಗಳು ಇನ್ನೊಂದು ಕಟ್ಟಳೆ ತಂದರು. ಯೋಗಕ್ಕೆ ಸರಿಯಾಗಿ ಬಾರದವರಿಗೆ ಕೊನೆಯಲ್ಲಿ ಸರ್ಟಿಫಿಕೇಟ್ ಇಲ್ಲ. ಹೆರಿಗೆ ಕಲಿಯದಿದ್ದರೆ ಡಾಕ್ಟ್ರಮ್ಮ ಬಿಡುವುದಿಲ್ಲ, ಕಲಿತರೆ ಮಾಷ್ಟ್ರು ಸೇರಿಸುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಆಗ ಏನಾಯಿತೆಂದರೆ, ಹುಡುಗಿಯರು ಮಗುವನ್ನು ಮುಟ್ಟುವುದಕ್ಕೆ ಹೆದರತೊಡಗಿದರು. ಇಂಥ ಹುಚ್ಚು ಎಲ್ಲಾದರೂ ಉಂಟೇ? ದಾದಿಯ ಕೆಲಸ ಕಲಿಯಲು ಬಂದವರು ಹೆರಿಗೆ ಕೋಣೆಯಲ್ಲಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು. ನೀರು ಕಾಯಿಸಲು ಓಡುವುದು, ಬಟ್ಟೆ ಹುಡುಕಲು ಓಡುವುದು, ತಲೆ ಕಂಡಿತು ಎಂದ ಕೂಡಲೇ ಯಾರಿಗೋ ಕರೆ ಬಂದ ಹಾಗೆ ಮಾಯವಾಗುವುದು. ಚಂದು ಹಾಗೆ ಮಾಡಿದಳು. ಶಾರದೆ ಎಲ್ಲರಿಗಿಂತ ಹೆಚ್ಚು ಮಾಡಿದಳು. ಸರ್ಟಿಫಿಕೇಟ್ ಇಲ್ಲದೆ ಹಿಂದಿರುಗಿದರೆ ಅವಳ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುತ್ತಿದ್ದರು. ಅವಳನ್ನು ನಾನು ಬೈಯಲಾರೆ. ಬೈಯಬೇಕಾದವರು ಚಾವಡಿಯ ಮೇಲೆ ಪದ್ಮಾಸನ ಹಾಕಿ ಕುಳಿತಿದ್ದರು.

ಮೂಕಾಂಬು ಮಾತ್ರ ಯಾವ ಹೆರಿಗೆಯನ್ನೂ ಬಿಡಲಿಲ್ಲ. "ಬಪ್ಪು ಮಗು ನನ್ನ್ ಯೋಗ ಕಾಣ್ಕಂಡ್ ಬತ್ತಾ?" ಎನ್ನುತ್ತಿದ್ದಳು. ಬೆಳಿಗ್ಗೆ ಚಾವಡಿಯ ಹೊರಗೆ, ಹಂಚಿನ ಮಾಡಿನ ಹನಿ ಬೀಳುವಲ್ಲಿ ಗೋಣಿ ಹೊದ್ದು ಕುಳಿತುಕೊಂಡು, ಒಳಗಿನಿಂದ ಮಾಷ್ಟ್ರ ಎಣಿಕೆ ಕೇಳಿಸಿಕೊಂಡು ಉಸಿರು ಬಿಡುತ್ತಿದ್ದಳು. ಅವಳ ಜೊತೆಗೆ ನಾನೂ ಕೂತಿದ್ದೇನೆ. ಎರಡು ದಿನ ಕಳೆದ ಮೇಲೆ ಮಾಷ್ಟ್ರಿಗೆ ಅದು ಕಂಡಿತು. ನಮಗೆ ಕೇಳಿಸದ ಹಾಗೆ ಸ್ವರ ತಗ್ಗಿಸಿದರು.

ಆ ತಗ್ಗಿದ ಸ್ವರವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಒಬ್ಬಳಿಗೆ ಉಸಿರಾಡುವುದು ಹೇಗೆಂದು ಕೇಳಿಸಬಾರದು ಅಂತ ಸ್ವರ ತಗ್ಗಿಸುವ ಮನುಷ್ಯನ ಸಾಧನೆ ಎಂಥದ್ದು?

ಸೋಣೆ ತಿಂಗಳ ಮಳೆಯಲ್ಲಿ ಒಂದು ಮಧ್ಯಾಹ್ನ ಹಟ್ಟಿಯಂಗಡಿಯಿಂದ ದೋಣಿಯಲ್ಲಿ ಒಬ್ಬ ಹುಡುಗಿಯನ್ನು ತಂದರು. ಚೊಚ್ಚಲು. ಹದಿನೇಳೋ ಹದಿನೆಂಟೋ ಇರಬೇಕು. ಹೊಳೆ ಕೆಂಪಾಗಿ ಉಕ್ಕುತ್ತಿತ್ತು, ದೋಣಿಯಲ್ಲಿ ನೆನೆದು ತೊಪ್ಪೆಯಾಗಿ ಹೆದರಿಹೋಗಿದ್ದಳು. ನೋವು ಬಂದಾಗಲೆಲ್ಲ ಹಲ್ಲು ಕಚ್ಚಿ ಉಸಿರು ಕಟ್ಟುವಳು, ಮೈಯೆಲ್ಲ ಬಿಲ್ಲಾಗುವುದು, ಆಮೇಲೆ ಕಿರಿಚಾಟ. ಡಾಕ್ಟ್ರಮ್ಮ ಗದರಿಸಿ ನೋಡಿದರು, ಸಮಾಧಾನ ಹೇಳಿ ನೋಡಿದರು. ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಶಾರದೆ ಮೂಲೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ಮೂಕಾಂಬು ಹುಡುಗಿಯ ತಲೆದೆಸೆಯಲ್ಲಿ ಕೂತು ಅವಳ ಕೈ ಹಿಡಿದಳು.

"ಹ್ವಾಯ್, ಇಲ್ ಕಾಣ್. ನನ್ನ್ ಮೋರೆ ಕಾಣ್. ಉಸ್ರ್ ಬಿಡ್ ಮೊದ್ಲ್. ಬಿಡ್, ಬಿಡ್, ಪೂರಾ ಬಿಡ್. ದೀಪ ಆರ್ಸ್ದಾಂಗೆ ಅಲ್ಲ, ಗಂಜಿ ಆರ್ಸ್ದಾಂಗೆ. ಹಾಂ. ತಕಂಬುದ್ ಅದಾಯಿಯೇ ಆತ್ತ್."

ತಾನೂ ಬಿಟ್ಟು ತೋರಿಸಿದಳು. ಹುಡುಗಿ ಅವಳ ಮುಖವನ್ನೇ ನೋಡುತ್ತಾ ಬಿಟ್ಟಳು. ಮುಂದಿನ ನೋವಿಗೆ ಇನ್ನೊಮ್ಮೆ. ಬಿಲ್ಲಾಗುತ್ತಿದ್ದ ಮೈ ಸಡಿಲವಾಯಿತು, ಕಿರಿಚಾಟ ನರಳಾಟವಾಯಿತು. ಇಬ್ಬರೂ ಒಂದೇ ತಾಳದಲ್ಲಿ ಉಸಿರು ಬಿಡುತ್ತಾ ಕುಳಿತದ್ದನ್ನು ನೋಡುತ್ತಾ ನಾವೆಲ್ಲ ನಮಗೇ ಗೊತ್ತಿಲ್ಲದೆ ಅವರ ಜೊತೆಗೆ ಬಿಡತೊಡಗಿದ್ದೆವು. ಡಾಕ್ಟ್ರಮ್ಮ ಕೂಡ. ಸಂಜೆಯ ದೀಪ ಹಚ್ಚುವ ಮೊದಲೇ ಹೆಣ್ಣು ಮಗು ಹುಟ್ಟಿತು. "ಚೆನ್ನಾಗಿ ಮಾಡಿದೆ ಮೂಕಾಂಬು" ಎಂದರು ಡಾಕ್ಟ್ರಮ್ಮ. ನಾನು ಕಿವಿಯಾರೆ ಕೇಳಿದ ಮಾತು ಅದು. ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಹುಡುಗಿಯ ತಾಯಿ ಸಂತೋಷಕ್ಕೆ ಸುಮ್ಮನಿರಲಿಲ್ಲ. ಕುಂದಾಪುರದ ಪೇಟೆಯಲ್ಲಿ, ದೋಣಿ ಹತ್ತುವ ಕಡವಿನಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದಳು: "ಆಸ್ಪತ್ರಿಯಲ್ ಯೋಗ ಮಾಡ್ಸಿ ಹೆರ್ಸಿದ್ರ್ ಮರ್ರೆ!" ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದು ಹೋಗಿ ಮಾಷ್ಟ್ರ ಕಿವಿಗೆ ಬಿತ್ತು.

ಅವರು ಆಸ್ಪತ್ರೆಯ ಒಳಗೆ ಕಾಲಿಡಲಿಲ್ಲ. ಗೇಟಿನ ಹೊರಗೆ ಕೊಡೆ ಹಿಡಿದು ನಿಂತರು. ಡಾಕ್ಟ್ರಮ್ಮನೇ ಮಳೆಯಲ್ಲಿ ಹೊರಗೆ ಹೋಗಬೇಕಾಯಿತು. ನಾವು ಜಗಲಿಯಲ್ಲಿ ಸಾಲಾಗಿ ನಿಂತಿದ್ದೆವು.

"ಗುರು ಮುಖದಿಂದ್ ಬಂದ್ ವಿದ್ಯೆ ಡಾಕ್ಟ್ರಮ್ಮ. ಅದ್ನ ತಕಂಡ್ ಹೋಯಿ ಬಾಣ್ತಿ ಕೋಣಿಯಲ್, ಆ ಅಮೆಯಲ್, ಕಂಡ್ ಕಂಡವ್ರಿಗೆ!" ಅವರ ಸ್ವರ ನಡುಗುತ್ತಿತ್ತು. ನಾಟಕವಾಗಿರಲಿಲ್ಲ, ನಿಜವಾಗಿಯೂ ನೊಂದಿದ್ದರು. "ಆ ಹೆಣ್ಣ್ ಎಲ್ಲ್ರ ಎದ್ರ್ ತಪ್ಪಾಯ್ತ್ ಅಂತ ಹೇಳ್ಕ್. ಇಲ್ದಿರೆ ಆಯ್ತಾರದ ಪ್ರದರ್ಶನಕ್ಕೆ ನಾನ್ ಬತ್ತಿಲ್ಲೆ."

ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿಯನ್ನು ಧನಿಗಳು ಆ ಭಾನುವಾರಕ್ಕೆ ಕರೆದಿದ್ದರು. ದಾದಿಯರ ಯೋಗ ನೋಡಿ ಮೆಚ್ಚಿದರೆ ಸರಕಾರದ ಸಹಾಯ ಸಿಗುವ ಆಸೆ.

ಜಗಲಿಯಿಂದಲೇ ಮೂಕಾಂಬು ಹೇಳಿದಳು, ಜೋರಾಗಿ ಏನೂ ಅಲ್ಲ: "ಉಸ್ರಿಗೆಂತ ಅಮೆ ಮಾಷ್ಟ್ರೇ? ಹುಟ್ಟಿದ್ ಕೂಡ್ಲೆ ಎಲ್ಲ್ರೂ ಮೊದ್ಲ್ ತಕಂಬುದ್ ಅದನ್ನೇ ಅಲ್ದಾ?"

"ನೀನು ಸುಮ್ಮನಿರು" ಎಂದರು ಡಾಕ್ಟ್ರಮ್ಮ.

ಆ ಮೇಲಿನ ದಿನಗಳಲ್ಲಿ ಡಾಕ್ಟ್ರಮ್ಮ ಅವಳನ್ನು ಕರೆದು ಕರೆದು ಹೇಳಿದರು. ಒಂದು ಮಾತು ತಾನೇ, ಹೇಳಿಬಿಡು, ನಿನ್ನ ಗಂಟೇನು ಹೋಗುತ್ತದೆ? ನಾನೂ ಹೇಳಿದೆ. ಅವಳ ಅಣ್ಣನ ಮನೆಯ ಒಲೆ ನೆನೆದು ಹೇಳಿದೆ. ಮೂಕಾಂಬು ಮಗುವಿನ ಬಟ್ಟೆ ಹಿಂಡುತ್ತಿದ್ದಳು.

"ಆ ಹೆಣ್ಣ್ ನನ್ನ್ ಕೈ ಹಿಡ್ಕಂಡ್ ಉಸ್ರ್ ಬಿಡ್ತ್ ಸರ್ಸು. ಅದನ್ನ್ ತಪ್ಪ್ ಅಂತ ಹ್ಯಾಂಗ್ ಹೇಳುದ್? ನಾಳೆ ಇನ್ನೊಂದ್ ಬಂದ್ರೆ ಎಂತ ಮಾಡ್ಲಿ?"

ಭಾನುವಾರ ಬೆಳಿಗ್ಗೆ ಚಾವಡಿಗೆ ತೋರಣ ಕಟ್ಟಿದರು. ಕುರ್ಚಿಗಳು ಬಂದವು, ಅಧಿಕಾರಿಯ ಹೆಂಡತಿಯೂ ಬಂದರು. ಮೂಕಾಂಬು ತಪ್ಪು ಒಪ್ಪಲಾರಳು ಎಂದು ಗೊತ್ತಾದ ಮೇಲೆ ಹೇಗೋ ಸಂಧಾನವಾಗಿ, ಅವಳನ್ನು ವಾರ್ಡಿನಿಂದ ಹೊರಗೆ ಬಿಡಬಾರದು, ಉಳಿದ ನಾಲ್ವರು ಆಸನ ಹಾಕಬೇಕು ಎಂದಾಗಿತ್ತು. ನನಗೂ ರೋಜಿಗೂ ಆ ಒಂದು ದಿನದ ಮಟ್ಟಿಗೆ ಪಂಚಗವ್ಯ ಕುಡಿಸಿ ಶುದ್ಧ ಮಾಡಿದ್ದರು. ರೋಜಿ ಅದನ್ನು ಕುಡಿದು ಶಿಲುಬೆಯ ಗುರುತು ಮಾಡಿಕೊಂಡಳು. ಬೇಕಾದಾಗ ಅಮೆಗೂ ದಾರಿ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಹೊರಡುವ ಹೊತ್ತಿಗೆ ಶಾರದೆ ಬಾಗಿಲಲ್ಲಿ ನಿಂತಳು. ನಮ್ಮಲ್ಲೆಲ್ಲ ಚಂದ ಆಸನ ಹಾಕುವವಳು ಅವಳೇ. ಮಾಷ್ಟ್ರು ಅವಳನ್ನು ಮುಂದಿನ ಚಾಪೆಯಲ್ಲಿ ಕೂರಿಸಬೇಕೆಂದಿದ್ದರು. ಅವಳು ತಿರುಗಿ ವಾರ್ಡಿನೊಳಗೆ ಹೋದಳು. ಹಟ್ಟಿಯಂಗಡಿಯ ಬಾಣಂತಿ ಮಗುವಿಗೆ ಮೊಲೆಯೂಡಿಸಿ ಮಲಗಿಸಿದ್ದಳು. ಮೂಕಾಂಬು ಪಕ್ಕದಲ್ಲಿ ಕುಳಿತಿದ್ದಳು.

"ಆ ಮಗೂನ್ ಇಲ್ ಕೊಡ್" ಎಂದಳು ಶಾರದೆ.

"ನಿಂಗೆಂತ ಮರುಳಾ? ಯೋಗಕ್ಕ್ ಹೋಯ್ಕಲ್ಲ ನೀನ್."

"ಕೊಡ್ ಅಂದೆ."

ಆಸ್ಪತ್ರೆಗೆ ಸೇರಿದ ಮೇಲೆ ಶಾರದೆ ಒಂದು ಮಗುವನ್ನು ಎದೆಗೆ ಒತ್ತಿ ಹಿಡಿದದ್ದು ಅದೇ ಮೊದಲು. ಮಗು ಒಂದು ಸಲ ಮೂತಿ ಸೊಟ್ಟ ಮಾಡಿ ಅವಳ ಮಡಿ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಬಾಣಂತಿ ಅಯ್ಯೋ ಎಂದಳು. ಶಾರದೆ ನಕ್ಕಳು. ಅವಳು ಹಾಗೆ ಬಾಯಿಬಿಟ್ಟು ನಗುವುದನ್ನು ನಾವು ಕಂಡಿರಲಿಲ್ಲ. ಅಲ್ಲಿಂದ ಮಗು ಚಂದುವಿನ ಕೈಗೆ, ಚಂದುವಿನಿಂದ ರೋಜಿಗೆ, ರೋಜಿಯಿಂದ ನನಗೆ. ಯಾರೂ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಮೂಕಾಂಬು ಮಾತ್ರ "ಬ್ಯಾಡ ಮರಾಯ್ತಿ, ಬ್ಯಾಡ" ಎನ್ನುತ್ತಿದ್ದಳು, ಕಣ್ಣಲ್ಲಿ ನೀರು.

ನಾವು ನಾಲ್ವರು ಹೋಗಿ ಧನಿಗಳ ಅಂಗಳದಲ್ಲಿ, ಮಳೆಯಲ್ಲಿ, ಮೆಟ್ಟಿಲಿನ ಕೆಳಗೆ ನಿಂತೆವು. ಚಾವಡಿಯ ಮೇಲೆ ದೀಪ ಉರಿಯುತ್ತಿತ್ತು, ಚಾಪೆಗಳು ಖಾಲಿ.

"ಒಳ್ಗ್ ಬನಿ, ಒಳ್ಗ್ ಬನಿ" ಎಂದರು ಧನಿಗಳು ಹಲ್ಲು ಕಿರಿಯುತ್ತಾ.

ಶಾರದೆ ಒದ್ದೆ ಸೀರೆಯನ್ನು ಮುಂದೆ ಹಿಡಿದು ತೋರಿಸಿದಳು. "ಬಪ್ಪುಕಾತಿಲ್ಲೆ. ಈಗಷ್ಟೇ ಮಗು ಎತ್ಕಂಡೊ. ನಮ್ಗೆಲ್ಲ್ರಿಗೂ ಅಮೆ."

ಮಾಷ್ಟ್ರು ಬೆತ್ತ ಕೆಳಗಿಟ್ಟರು. ಅಧಿಕಾರಿಯ ಹೆಂಡತಿಗೆ ಕನ್ನಡ ಬಾರದು. ಹುಡುಗಿಯರು ಯಾಕೆ ಒದ್ದೆಯಾಗುತ್ತಿದ್ದಾರೆ ಎಂದು ಡಾಕ್ಟ್ರಮ್ಮನನ್ನು ಇಂಗ್ಲಿಷಿನಲ್ಲಿ ಕೇಳಿದರು. ಡಾಕ್ಟ್ರಮ್ಮ ಏನು ಹೇಳಿದರೋ ನನಗೆ ತಿಳಿಯಲಿಲ್ಲ. ನಿಜ ಹೇಳಿರಲಾರರು. ಪ್ರದರ್ಶನ ನಡೆಯಲಿಲ್ಲ, ಯೋಗದ ಪಾಠವೂ ಅಂದಿಗೆ ನಿಂತಿತು.

ನಮ್ಮ ನಾಲ್ವರನ್ನು ಧನಿಗಳು ಬಾಯಿಗೆ ಬಂದ ಹಾಗೆ ಬೈದು ಬಿಟ್ಟರು. ಎಲ್ಲರನ್ನೂ ಓಡಿಸಿದರೆ ಆಸ್ಪತ್ರೆಗೆ ಬೀಗ ಹಾಕಬೇಕಲ್ಲ. ಆದರೆ ಮರ್ಯಾದೆ ಹೋದದ್ದಕ್ಕೆ ಒಂದು ತಲೆ ಬೇಕಿತ್ತು. ಡಾಕ್ಟ್ರಮ್ಮ ನಮ್ಮನ್ನೆಲ್ಲ ಕರೆದು ನಿಲ್ಲಿಸಿ ಹೇಳಿದರು: "ಮೂಕಾಂಬುವಿಗೆ ದಮ್ಮು. ದಾದಿಯ ಕೆಲಸಕ್ಕೆ ಅವಳ ದೇಹ ಸಾಲದು. ನಾಳೆ ಮನೆಗೆ ಹೋಗಲಿ."

ನಾನು ಕೂಗಿದೆ. ಡಾಕ್ಟ್ರಮ್ಮನ ಎದುರು ಯಾರೂ ಹಾಗೆ ಕೂಗಿರಲಿಲ್ಲ. "ಈ ಮಳ್ಗಾಲ ಒಂದ್ ಸಲವೂ ಅವ್ಳ್ ಬೀಳ್ಲಿಲ್ಲೆ ಡಾಕ್ಟ್ರಮ್ಮ! ನೀವೇ ಕಂಡಿದ್ರಿ. ಚೆನ್ನಾಯ್ ಮಾಡ್ದೆ ಅಂತ ನೀವೇ ಹೇಳಿದ್ರಿ!"

ಅವರು ಕಿಟಕಿಯ ಹೊರಗೆ ಹೊಳೆ ನೋಡುತ್ತಿದ್ದರು.

"ಗೊತ್ತು ಸರಸ್ವತಿ" ಎಂದರು. "ಆಸ್ಪತ್ರೆ ಉಳಿಯಬೇಕಲ್ಲ."

ಮಾಷ್ಟ್ರ ಮೇಲೆ ನನಗೆ ಸಿಟ್ಟಿದೆ. ಆದರೆ ಆ ಮನುಷ್ಯ ಅಮೆಯನ್ನು ನಂಬಿದ್ದರು, ನಂಬಿದ್ದಕ್ಕೆ ತಕ್ಕ ಹಾಗೆ ನಡೆದರು. ಧನಿಗಳ ಮೇಲೂ ಸಿಟ್ಟಿದೆ, ಆದರೆ ಅವರಿಗೆ ತಾಯಿಯ ಹೆಸರಿನ ಕಲ್ಲು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಡಾಕ್ಟ್ರಮ್ಮ ಅಮೆಯನ್ನು ಒಂದು ದಿನವೂ ನಂಬಿದವರಲ್ಲ. ಉಸಿರು ಏನೆಂದು ಗೊತ್ತಿತ್ತು, ದಮ್ಮು ಏನೆಂದು ಗೊತ್ತಿತ್ತು, ಮೂಕಾಂಬು ಯಾರೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಆ ವಿದ್ಯಾವಂತೆ ಒಬ್ಬಳನ್ನು ಹೊಗೆಯೊಳಗೆ ಕಳಿಸಿದಳು. ಗೊತ್ತಿಲ್ಲದವರ ಅನ್ಯಾಯಕ್ಕೆ ಒಂದು ಕೊನೆ ಇರಬಹುದು. ಗೊತ್ತಿದ್ದವರದಕ್ಕೆ ಇಲ್ಲ.

ಮರುದಿನ ಮೂಕಾಂಬುವನ್ನು ಕಡವಿನ ತನಕ ಬಿಡಲು ನಾನೊಬ್ಬಳೇ ಹೋದೆ. ಗಂಗೊಳ್ಳಿಯ ಕಡೆ ದೋಣಿಯಲ್ಲಿ ದಾಟಿ ಅವಳು ಬೈಂದೂರಿಗೆ ಹೋಗಬೇಕಿತ್ತು. ಮಳೆ ಬಿಟ್ಟಿತ್ತು, ಬಿಸಿಲು ಬಂದಿತ್ತು. ಮಳೆಗಾಲ ಅವಳು ದಾಟಿದ್ದಳು. ಅವಳು ದೋಣಿ ಹತ್ತಿದ ಮೇಲೆ ತಿರುಗಿ ನಕ್ಕಳು.

"ಎಂತ ಹಾಂಗ್ ಉಸ್ರ್ ಕಟ್ಕಂಡ್ ನಿಂತಿದ್ದೆ ನೀನ್? ಬಿಡ್, ಸರ್ಸು. ಬಿಡ್ ಮೊದ್ಲ್."

ನನಗೆ ಸರ್ಟಿಫಿಕೇಟ್ ಸಿಕ್ಕಿತು, ಕೆಲಸ ಸಿಕ್ಕಿತು. ಮುಂದೊಂದು ಮಳೆಗಾಲ ಬೈಂದೂರಿನ ಹತ್ತಿರ ಹೆರಿಗೆಗೆ ಕರೆ ಬಂದಾಗ ಅವಳ ಅಣ್ಣನ ಮನೆ ಹುಡುಕಿಕೊಂಡು ಹೋದೆ. ಹಿತ್ತಲಿನ ಮಾಡಿನಡಿಯಲ್ಲಿ ಭತ್ತದ ಹಂಡೆಯ ಮುಂದೆ ಕೂತಿದ್ದಳು. ಹೊಗೆಯಲ್ಲಿ ಮೊದಲು ಅವಳ ಎದೆಯ ಸದ್ದು ಕೇಳಿಸಿತು, ಆಮೇಲೆ ಅವಳು ಕಂಡಳು. ಎಲುಬು ಮಾತ್ರ ಉಳಿದಿತ್ತು. ಅಷ್ಟರಲ್ಲೂ ಕೇಳಿದಳು, "ಹೆಣ್ಣ್‌ಗಳಿಗೆ ಹೇಳ್ತ್ಯಾ ಸರ್ಸು? ಉಸ್ರ್ ಬಿಡುಕೆ ಹೇಳ್ತ್ಯಾ?" ಹೇಳುತ್ತೇನೆ ಎಂದೆ. ಮುಂದಿನ ಮಳೆಗಾಲಕ್ಕೆ ಅವಳಿರಲಿಲ್ಲ. ಅವಳು ಹೇಳಿದ್ದ ಹಾಗೆಯೇ ಆಯಿತು.

ನಾನು ಮಾಡಿಸಿದ ಪ್ರತಿ ಹೆರಿಗೆಯಲ್ಲೂ ಆ ಮಾತು ಹೇಳಿದ್ದೇನೆ. ಕೆಲಸ ಕಲಿಯಲು ಬಂದ ಹುಡುಗಿಯರಿಗೂ ಅದನ್ನೇ ಕಲಿಸಿದ್ದೇನೆ, ಸುಸ್ತಾದಾಗ, ಹೆದರಿದಾಗ, ಮೊದಲ ಸಲ ಸತ್ತ ಮಗುವನ್ನು ಕಂಡು ನಿಂತಾಗ. ಅದಕ್ಕೆ ಯಾವ ದೀಪವನ್ನೂ ಹಚ್ಚಿಡಬೇಕಾಗಲಿಲ್ಲ.

ಬ್ರಹ್ಮಾವರದ ಆ ಹೊಸ ಕೋಣೆಯಲ್ಲಿ ಸುಟ್ಟ ಬೆಂಕಿಕಡ್ಡಿ ಕೆಳಗೆ ಹಾಕಿ ನಾನು ಎದ್ದೆ. ಜಗಲಿಗೆ ಹೋದೆ. ಮೂವರು ಹುಡುಗಿಯರು ಗೋಡೆಗೆ ಒರಗಿ ಕೂತಿದ್ದರು, ಎದುರಿಗೆ ಮಾಡಿನ ನೀರು ಸುರಿಯುತ್ತಿತ್ತು. ಮೊಣಕಾಲು ಹಿಡಿದುಕೊಂಡು ಹೇಗೋ ಅವರ ಪಕ್ಕದಲ್ಲಿ ಕೂತೆ. ಯೋಗದ ಹುಡುಗ ಓಡಿಬಂದ.

"ಅಮ್ಮಾ, ನಿಮ್ ಕುರ್ಚಿ ಒಳ್ಗಿತ್ತ್. ದೀಪ ಹಚ್ಚುಕಿತ್ತಲ್ಲ."

"ನಾನ್ ಹೆರ್ಗಿ ಮುಟ್ಟಿದವ್ಳ್, ಮಗಾ. ನಂಗೆ ಅಮೆ. ಒಂದ್ ದಿನದ್ದಲ್ಲ, ಇಡೀ ಜನ್ಮದ್ದ್." ನನ್ನ ಸ್ವರ ಅಷ್ಟು ಜೋರಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಒಳಗಿದ್ದವರೆಲ್ಲ ತಿರುಗಿ ನೋಡಿದರು. "ನಿನ್ ತಲಿಯನ್ನೂ ಯಾರೋ ನನ್ನಂತವ್ಳೇ ಹಿಡ್ದ್ ಹೊರ್ಗ್ ತೆಗ್ದದ್. ಅವ್ಳನ್ನೂ ಹೊರ್ಗ್ ಕೂರ್ಸ್ತ್ಯಾ?"

ಒಳಗಿನಿಂದ ಒಬ್ಬ ಹುಡುಗಿ ತನ್ನ ಚಾಪೆ ಸುತ್ತಿಕೊಂಡು ಹೊರಗೆ ಬಂದು ನಮ್ಮ ಪಕ್ಕದಲ್ಲಿ ಹಾಸಿದಳು. ಅವಳ ಹಿಂದೆ ಇನ್ನೊಬ್ಬಳು. ನಾನು ಅವರ ಕಡೆ ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ, ತಲೆ ತಗ್ಗಿಸಿ ಉಸಿರು ಬಿಗಿಹಿಡಿದು ಕೂತಿದ್ದ ಹುಡುಗಿಯ ಕೈ ಹಿಡಿದೆ.

"ಬಿಡ್ ಮಗಾ" ಎಂದೆ. "ಬಿಡ್ ಮೊದ್ಲ್."